ಜಾರ್ಜಿಯಾದಲ್ಲಿ ಕೂತು ಕೇಳಿದ ಹಾಡುಗಳು

ಅಮೆರಿಕದ ಗಾಯಕಿ ಎಸ್. ಜಿ. ಗುಡ್‌ಮನ್ ಅವರ ‘ಪ್ಲಾಂಟಿಂಗ್ ಬೈ ದ ಸೈನ್ಸ್’ ಆಲ್ಬಂ 2025ರ ಜೂನ್‌ನಲ್ಲಿ ಬಂತು. ಚಂದ್ರ ಯಾವ ರಾಶಿಯಲ್ಲಿದ್ದಾನೆ, ಬೆಳೆಯುತ್ತಿದ್ದಾನೋ ಕ್ಷೀಣಿಸುತ್ತಿದ್ದಾನೋ ಎಂದು ನೋಡಿಕೊಂಡು ಬಿತ್ತನೆಗೆ ಕೈಹಾಕುವ ಹಳೆಯ ರೂಢಿಯೇ ಆ ಆಲ್ಬಮ್ಮಿನ ಬೆನ್ನೆಲುಬು. ನೆಲದ ಮೇಲೆ ಫಲ ಕೊಡುವ ಬೆಳೆಯನ್ನು ಶುಕ್ಲಪಕ್ಷದಲ್ಲಿ ಹಾಕಬೇಕು, ಗೆಡ್ಡೆಗೆಣಸನ್ನು ಕೃಷ್ಣಪಕ್ಷದಲ್ಲಿ ಊರಬೇಕು ಎಂಬ ಲೆಕ್ಕ ಅಮೆರಿಕದ ದಕ್ಷಿಣ ಸೀಮೆಯ ಹಳ್ಳಿಗಳಲ್ಲೂ ತಲೆಮಾರುಗಳಿಂದ ನಡೆದುಬಂದಿದೆ. ಪಂಚಾಂಗ ನೋಡದೆ ನೇಗಿಲು ಹೂಡದ ಮನೆಯಲ್ಲಿ ಬೆಳೆದ ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಗುಡ್‌ಮನ್ ಹುಟ್ಟಿದ್ದು ಕೆಂಟಕಿ ರಾಜ್ಯದ ಪಶ್ಚಿಮದ ತುದಿಯಲ್ಲಿ, ಮಿಸಿಸಿಪ್ಪಿ ನದಿಯ ದಡದ ಹಿಕ್‌ಮನ್ ಎಂಬ ಸಣ್ಣ ಊರಿನ ರೈತ ಕುಟುಂಬದಲ್ಲಿ. ವಾರಕ್ಕೆ ಹಲವು ಸಲ ಸದರ್ನ್ ಬ್ಯಾಪ್ಟಿಸ್ಟ್ ಚರ್ಚಿಗೆ ಹೋಗಿಬರುವುದು ಆ ಮನೆಯ ನಿಯಮವಾಗಿತ್ತು. ಹೆಣ್ಣನ್ನು ಪ್ರೀತಿಸುವ ಹೆಣ್ಣಾಗಿ ಆಕೆ ಆ ಚರ್ಚಿನ ಹಲವು ಮಾತುಗಳನ್ನು ಒಪ್ಪಲಾರದೆ ಹೊರಬಂದರು. ಹಾಗೆ ಬಂದವರು ಚಂದ್ರನ ಲೆಕ್ಕವನ್ನು ಮಾತ್ರ ಮತ್ತೆ ಹುಡುಕಿಕೊಂಡು ಹೋಗಿ, ಅದರ ಸುತ್ತ ಒಂದು ಇಡೀ ಆಲ್ಬಂ ಕಟ್ಟಿದರು. ಬೆಳೆದ ಮನೆಯ ನಂಬಿಕೆಗಳನ್ನು ಪ್ರಶ್ನಿಸುವ ಕೆಲಸ ಹೀಗೆ ನಡೆಯಬೇಕೆಂದು ನನಗನ್ನಿಸುತ್ತದೆ: ಅವನ್ನು ಮೊರಕ್ಕೆ ಹಾಕಿ ಕೇರಬೇಕು, ತೂರಿಹೋಗುವುದು ಹೋಗಲಿ, ಉಳಿಯುವುದು ಉಳಿಯಲಿ.

ಹೀಗೆ ತಾವು ಬೆಳೆದ ಮನೆಯ ನಂಬಿಕೆಗಳನ್ನು ಪ್ರಶ್ನಿಸುವ ದಕ್ಷಿಣದ ಇಂಡೀ ಗಾಯಕರ, ಅಂದರೆ ಹೆಚ್ಚಾಗಿ ದೊಡ್ಡ ಕಂಪನಿಗಳ ಹೊರಗೆ ಹಾಡುವವರ ಹಾಡುಗಳನ್ನು ನಾನು ಕೇಳುತ್ತಿರುವುದು ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದ ಉತ್ತರಕ್ಕಿರುವ ಫೋರ್ಸೈತ್ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಕೂತು. ಈ ಕೌಂಟಿಯ ದಕ್ಷಿಣ ಭಾಗದಲ್ಲಿ ಈಗ ಭಾರತೀಯರು ತುಂಬಿದ್ದಾರೆ. ಕರಿಬೇವು, ರಾಗಿಹಿಟ್ಟು, ಬ್ಯಾಡಗಿ ಮೆಣಸಿನಕಾಯಿ ಎಲ್ಲವೂ ಹತ್ತಿರದ ಅಂಗಡಿಯಲ್ಲೇ ಸಿಗುತ್ತವೆ. ವಾರದ ಕೊನೆಯಲ್ಲಿ ಮಕ್ಕಳು ಕನ್ನಡ ಅಕ್ಷರ ತಿದ್ದಲು ಹೋಗುತ್ತಾರೆ. ಒಳ್ಳೆಯ ಶಾಲೆಗಳಿವೆ, ನೆಮ್ಮದಿಯ ಬಡಾವಣೆಗಳಿವೆ ಎಂದು ಕೇಳಿ ನಾವೆಲ್ಲ ಇಲ್ಲಿ ಮನೆ ಕೊಂಡೆವು. 1912ರಲ್ಲಿ ಇದೇ ಕೌಂಟಿಯಿಂದ ಸುಮಾರು 1,100 ಕಪ್ಪು ಜನರನ್ನು ಹೊಡೆದು, ಹೆದರಿಸಿ, ಅವರ ಚರ್ಚುಗಳಿಗೆ ಬೆಂಕಿಯಿಟ್ಟು ಓಡಿಸಲಾಯಿತು ಎಂದು ಮನೆ ತೋರಿಸಿದವರು ಯಾರೂ ಹೇಳಲಿಲ್ಲ. ಹೇಳುವುದು ಅವರ ಕೆಲಸವೂ ಆಗಿರಲಿಲ್ಲವೇನೋ. ಬಿಳಿಯ ತರುಣಿಯೊಬ್ಬಳ ಮೇಲೆ ಹಲ್ಲೆ ನಡೆಸಿದ ಆರೋಪ ಹೊರಿಸಿ ರಾಬ್ ಎಡ್ವರ್ಡ್ಸ್ ಎಂಬ ಕಪ್ಪು ಯುವಕನನ್ನು ಜೈಲಿನಿಂದ ಎಳೆದು ತಂದು ಕಮಿಂಗ್ ಪಟ್ಟಣದ ನಡುವೆ ಕೊಂದರು. ಹದಿಹರೆಯದ ಇಬ್ಬರು ಹುಡುಗರನ್ನು ವಿಚಾರಣೆಯ ಶಾಸ್ತ್ರ ಮುಗಿಸಿ ಗಲ್ಲಿಗೇರಿಸಿದರು. ಅನಂತರದ ಮುಕ್ಕಾಲು ಶತಮಾನ ಈ ಕೌಂಟಿ ಬಹುಪಾಲು ಬಿಳಿಯರದ್ದಾಗಿಯೇ ಉಳಿಯಿತು. 1987ರ ಜನವರಿಯಲ್ಲಿ ಸಮಾನತೆಗಾಗಿ ಇಲ್ಲಿ ನಡೆಯಲು ಬಂದ ಸಣ್ಣ ಗುಂಪೊಂದರ ಮೇಲೆ ಕಲ್ಲು ತೂರಿದಾಗ, ಮುಂದಿನ ಶನಿವಾರವೇ ಸುಮಾರು 20,000 ಜನ ಬಂದು ಅದೇ ದಾರಿಯಲ್ಲಿ ನಡೆದರು. ರಾಬ್ ಎಡ್ವರ್ಡ್ಸ್ ಹೆಸರಿನ ಫಲಕವೊಂದು ಕಮಿಂಗ್ ಪೇಟೆಯಲ್ಲಿ ನಿಂತದ್ದು 2021ರಲ್ಲಿ. ನಾವು ಇಲ್ಲಿಗೆ ಬಂದು ನೆಲೆಸಲು ಸಾಧ್ಯವಾದದ್ದು ಆ ನಡಿಗೆಯವರಿಂದ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನಮ್ಮ ಮಕ್ಕಳು ಕಲಿಯುತ್ತಿರುವ ಮಾತಿನ ಧಾಟಿ ದಕ್ಷಿಣದ್ದು, ಅವರು ಬೆಳೆಯುತ್ತಿರುವುದು ಈ ನೆಲದ ನೆನಪು ಮತ್ತು ಮರೆವುಗಳ ನಡುವೆ. ಹೀಗಿರುವಾಗ ಈ ನೆಲದವರೇ ತಮ್ಮ ಹಿರಿಯರನ್ನು ಕುರಿತು ಕೇಳಿಕೊಳ್ಳುತ್ತಿರುವ ಪ್ರಶ್ನೆಗಳು ನಮಗೆ ಸಂಬಂಧಿಸಿದವಲ್ಲ ಎಂದು ಹೇಗೆ ಹೇಳುವುದು?

ಆ ಪ್ರಶ್ನೆಗಳು ಏಳುವುದು ಯಾವುದರ ವಿರುದ್ಧ ಎಂಬುದನ್ನು ಸ್ವಲ್ಪ ಹೇಳಬೇಕು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ‘ಕಾನ್ಫೆಡರಸಿ’ ಎಂಬ ಒಕ್ಕೂಟ ಕಟ್ಟಿಕೊಂಡು ಹೂಡಿದ ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದು ದಕ್ಷಿಣ ಸೋತಿತು. ಸೋತವರ ಮಕ್ಕಳು ಮೊಮ್ಮಕ್ಕಳಿಗೆ ಆ ಯುದ್ಧ ಗುಲಾಮಗಿರಿಗಾಗಿ ನಡೆಯಲೇ ಇಲ್ಲ, ರಾಜ್ಯಗಳ ಹಕ್ಕಿಗಾಗಿ ವೀರರು ಹೋರಾಡಿ ಮಡಿದರು, ಗುಲಾಮರು ಒಡೆಯರ ಮನೆಯಲ್ಲಿ ಸುಖವಾಗಿದ್ದರು ಎಂಬ ಕಥೆಯನ್ನು ಹೇಳಿಕೊಡಲಾಯಿತು. ಈ ಕಥೆ ತಾನಾಗಿ ಹಬ್ಬಲಿಲ್ಲ. 1894ರಲ್ಲಿ ನ್ಯಾಶ್‌ವಿಲ್‌ನಲ್ಲಿ ಹುಟ್ಟಿದ ‘ಯುನೈಟೆಡ್ ಡಾಟರ್ಸ್ ಆಫ್ ದ ಕಾನ್ಫೆಡರಸಿ’ ಎಂಬ ಮಹಿಳಾ ಸಂಘ ಊರೂರುಗಳಲ್ಲಿ ಸೈನಿಕರ ಪ್ರತಿಮೆ ನಿಲ್ಲಿಸಿತು, ಶಾಲೆಯ ಪಠ್ಯಗಳನ್ನು ಸೋಸಿತು, ಮಕ್ಕಳಿಗೆ ಪ್ರಶ್ನೋತ್ತರ ಬಾಯಿಪಾಠ ಮಾಡಿಸಿತು. ಅಟ್ಲಾಂಟಾದ ಪೂರ್ವಕ್ಕಿರುವ ಸ್ಟೋನ್ ಮೌಂಟನ್ ಎಂಬ ಏಕಶಿಲಾ ಬೆಟ್ಟದ ಮೈಮೇಲೆ ಕುದುರೆಯೇರಿದ ಮೂವರು ಕಾನ್ಫೆಡರೇಟ್ ನಾಯಕರನ್ನು ಕೆತ್ತುವ ಕೆಲಸ ಪೂರ್ಣವಾಗಿ ಮುಗಿದದ್ದು 1972ರಲ್ಲಿ, ಅಂದರೆ ಯುದ್ಧ ಮುಗಿದು ನೂರು ವರ್ಷ ದಾಟಿದ ಮೇಲೆ. ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಹಿಂಸಾಕೂಟ ಎರಡನೆಯ ಹುಟ್ಟು ಪಡೆದದ್ದೂ ಅದೇ ಬೆಟ್ಟದ ಮೇಲೆ, 1915ರಲ್ಲಿ. ನಮ್ಮ ಕಡೆಯ ಸಂಸಾರಗಳು ಇಂದು ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತವೆ. ಮಕ್ಕಳು ಬಂಡೆಯೇರಿ ಫೋಟೊ ತೆಗೆಸಿಕೊಳ್ಳುತ್ತಾರೆ. ಶ್ರವಣಬೆಳಗೊಳದ ಬೆಟ್ಟ ಹತ್ತಿದ ಕಾಲುಗಳಿಗೆ ಅದೇನೂ ಕಷ್ಟದ ಏರಲ್ಲ. ಕೆಳಗೆ ಕೆತ್ತಿರುವವರು ಯಾರೆಂದು ಮಗು ಕೇಳಿದಾಗ ಕೊಡುವ ಉತ್ತರವೇ ಕಷ್ಟದ್ದು.

ಚರ್ಚಿನ ಕಥೆಯೂ ಇದಕ್ಕೆ ಹೊಂದಿಕೊಂಡೇ ಇದೆ. ಸದರ್ನ್ ಬ್ಯಾಪ್ಟಿಸ್ಟರು ಉತ್ತರದವರಿಂದ ಬೇರೆಯಾಗಿ 1845ರಲ್ಲಿ ಇದೇ ಜಾರ್ಜಿಯಾದ ಅಗಸ್ಟಾದಲ್ಲಿ ತಮ್ಮ ಸಂಘ ಕಟ್ಟಿಕೊಂಡದ್ದು, ಗುಲಾಮರನ್ನಿಟ್ಟುಕೊಂಡವರು ಧರ್ಮಪ್ರಚಾರಕರಾಗಬಹುದೇ ಎಂಬ ಜಗಳದಿಂದ. ಆ ತಪ್ಪಿಗಾಗಿ ಸಂಘ ಅಧಿಕೃತವಾಗಿ ಕ್ಷಮೆ ಕೇಳಿದ್ದು 1995ರಲ್ಲಿ. ನಡುವೆ ಕಳೆದದ್ದು 150 ವರ್ಷ. ಅಷ್ಟು ಕಾಲದಲ್ಲಿ ಎಷ್ಟು ತಲೆಮಾರುಗಳ ಮಕ್ಕಳು ಭಾನುವಾರದ ಶಾಲೆಯಲ್ಲಿ ಕೂತು ದಯೆಯ ಹಾಡುಗಳನ್ನು ಹಾಡಿರಬೇಡ!

ಅಂಥ ಮನೆಗಳಿಂದಲೇ ಬಂದವರು ಅಲಬಾಮಾ ಮೂಲದ ‘ಡ್ರೈವ್-ಬೈ ಟ್ರಕರ್ಸ್’ ತಂಡದವರು. ಈಗಿನ ಹೊಸಬರಿಗೆ ಇವರು ಅಣ್ಣಂದಿರಿದ್ದ ಹಾಗೆ. ಪ್ಯಾಟರ್ಸನ್ ಹುಡ್ ಮತ್ತು ಮೈಕ್ ಕೂಲಿ ಕಟ್ಟಿದ ಈ ತಂಡ 2001ರಲ್ಲಿ ‘ಸದರ್ನ್ ರಾಕ್ ಓಪೆರಾ’ ಎಂಬ ದೊಡ್ಡ ಆಲ್ಬಂ ತಂದಿತು. ದಕ್ಷಿಣದವನಾಗಿರುವುದರ ಹೆಮ್ಮೆಯೂ ನಾಚಿಕೆಯೂ ಒಂದೇ ಎದೆಯಲ್ಲಿ ಹೇಗೆ ಒಟ್ಟಿಗೆ ಬದುಕುತ್ತವೆ ಎಂಬುದನ್ನು ಅಲ್ಲಿ ಹುಡ್ ಸುತ್ತುಬಳಸದೆ ಹೇಳುತ್ತಾರೆ. ಅವರ ತಂದೆ ಡೇವಿಡ್ ಹುಡ್ ಮಸಲ್ ಶೋಲ್ಸ್ ಎಂಬ ಊರಿನ ಪ್ರಸಿದ್ಧ ವಾದ್ಯವೃಂದದಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದವರು. ವರ್ಣಭೇದದ ಗವರ್ನರ್ ಜಾರ್ಜ್ ವಾಲೇಸ್ ಆಳುತ್ತಿದ್ದ ರಾಜ್ಯದಲ್ಲೇ ಕಪ್ಪು ಗಾಯಕರು ಮತ್ತು ಬಿಳಿಯ ವಾದಕರು ಒಂದೇ ಕೋಣೆಯಲ್ಲಿ ಕೂತು ಹಾಡು ಮುದ್ರಿಸುತ್ತಿದ್ದರು. ಮಗ ಬೆಳೆದದ್ದು ಈ ಎರಡು ಅಲಬಾಮಾಗಳ ನಡುವೆ, ಆದ್ದರಿಂದಲೇ ಅವರ ಮಾತಿನಲ್ಲಿ ಊರನ್ನು ಒಟ್ಟಾರೆ ಬೈಯುವ ಸುಲಭವೂ ಇಲ್ಲ, ಹೊಗಳುವ ಸುಲಭವೂ ಇಲ್ಲ.

ಅದೇ ತಂಡದಲ್ಲಿ ಕೆಲವು ವರ್ಷ ಇದ್ದು 2007ರಲ್ಲಿ ಹೊರಬಂದವರು ಜೇಸನ್ ಇಸ್ಬೆಲ್. 2017ರ ‘ದ ನ್ಯಾಶ್‌ವಿಲ್ ಸೌಂಡ್’ ಆಲ್ಬಮ್ಮಿನ ‘ವೈಟ್ ಮ್ಯಾನ್ಸ್ ವರ್ಲ್ಡ್’ ಹಾಡಿನಲ್ಲಿ ಒಂದು ಸಣ್ಣ ಸಂಗತಿ ಬರುತ್ತದೆ: ಮತ್ತೊಬ್ಬ ಬಿಳಿಯ ಹೇಳಿದ ಕೀಳು ಹಾಸ್ಯವನ್ನು ಕೇಳಿಸದವರಂತೆ ಕೂತವರಲ್ಲಿ ತಾನೂ ಒಬ್ಬನಾಗಿದ್ದೆನಲ್ಲ ಎಂಬ ಕೊರಗು. ಗುಲಾಮಗಿರಿಯ ಬಗ್ಗೆ ನೂರು ದೊಡ್ಡ ಮಾತು ಆಡುವುದಕ್ಕಿಂತ ಈ ಒಂದು ಒಪ್ಪಿಗೆ ಕಷ್ಟದ್ದೆಂದು ನನಗೆ ಅನ್ನಿಸುತ್ತದೆ. ಏಕೆಂದರೆ ನಂಬಿಕೆಗಳು ಮನೆಗಳಲ್ಲಿ ದಾಟಿಬರುವುದು ಉಪದೇಶದಿಂದ ಅಷ್ಟಲ್ಲ. ಊಟದ ಹೊತ್ತಿನಲ್ಲಿ ಚಿಕ್ಕಪ್ಪನೊಬ್ಬ ಏನೋ ಅಂದಾಗ ಮಿಕ್ಕವರು ತಲೆಯೆತ್ತದೆ ಊಟ ಮುಂದುವರಿಸುವುದನ್ನು ಮಗು ನೋಡುತ್ತದೆ, ಕಲಿಯುತ್ತದೆ.

ಇಸ್ಬೆಲ್ 2021ರ ಅಕ್ಟೋಬರ್‌ನಲ್ಲಿ ನ್ಯಾಶ್‌ವಿಲ್ ನಗರದ ರೈಮನ್ ಸಭಾಂಗಣದಲ್ಲಿ ಎಂಟು ರಾತ್ರಿ ಹಾಡಿದರು. ಅವುಗಳಲ್ಲಿ ಏಳು ರಾತ್ರಿ ತಮಗಿಂತ ಮೊದಲು ವೇದಿಕೆಯೇರಲು ಕಪ್ಪು ಗಾಯಕಿಯರನ್ನು ಕರೆದಿದ್ದರು. ಆ ಕಟ್ಟಡದ ಬಗ್ಗೆ ತಿಳಿದರೆ ಈ ಆಯ್ಕೆಯ ತೂಕ ಗೊತ್ತಾಗುತ್ತದೆ. ನದಿಯಲ್ಲಿ ಹಡಗು ನಡೆಸುತ್ತಿದ್ದ ಥಾಮಸ್ ರೈಮನ್ ಎಂಬಾತ ಒಬ್ಬ ಬೋಧಕನ ಮಾತಿಗೆ ಮನಸೋತು ಪ್ರಾರ್ಥನೆಗೆಂದು ಕಟ್ಟಿಸಿದ ಮಂದಿರ ಅದು, 1892ರಲ್ಲಿ ತೆರೆಯಿತು. ಇಂದಿಗೂ ಪ್ರೇಕ್ಷಕರು ಕೂರುವುದು ಕುರ್ಚಿಗಳ ಮೇಲಲ್ಲ, ಚರ್ಚಿನ ಉದ್ದನೆಯ ಮರದ ಬೆಂಚುಗಳ ಮೇಲೆ. 1897ರಲ್ಲಿ ಸೋತ ಸೇನೆಯ ಮುದಿ ಯೋಧರ ಸಮಾವೇಶಕ್ಕೆಂದು ಕಟ್ಟಿದ ಮೇಲಂತಸ್ತಿಗೆ ‘ಕಾನ್ಫೆಡರೇಟ್ ಗ್ಯಾಲರಿ’ ಎಂದೇ ಹೆಸರಿಟ್ಟಿದ್ದರು. ಅಮೆರಿಕದ ಹಳ್ಳಿಗಾಡಿನ ಧಾಟಿಯ ‘ಕಂಟ್ರಿ’ ಸಂಗೀತದ ಗರ್ಭಗುಡಿಯೆಂದು ಜನ ಕೈಮುಗಿಯುವ ಆ ಜಾಗದಲ್ಲಿ, ಆ ಮೇಲಂತಸ್ತಿನ ಎದುರಿಗೆ ನಿಂತು ಅಮಿಥಿಸ್ಟ್ ಕಾಯಾ, ಏಡಿಯಾ ವಿಕ್ಟೋರಿಯಾ, ಆಲಿಸನ್ ರಸೆಲ್ ಹಾಡಿದರು.

ಇವರಲ್ಲಿ ಏಡಿಯಾ ವಿಕ್ಟೋರಿಯಾ ಅವರ 2021ರ ‘ಎ ಸದರ್ನ್ ಗಾಥಿಕ್’ ನನಗೆ ಬಹಳ ಹತ್ತಿರವಾದ ಆಲ್ಬಂ. ದಕ್ಷಿಣ ಕ್ಯಾರೊಲೈನಾದ ಸೆವೆಂತ್-ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಗಡದ ಕುಟುಂಬದಲ್ಲಿ ಬೆಳೆದವರು ಅವರು. ಅವರ ‘ಮ್ಯಾಗ್ನೋಲಿಯಾ ಬ್ಲೂಸ್’ ಹಾಡಿನಲ್ಲಿ ಉತ್ತರಕ್ಕೆ ಹೋದ ಹೆಣ್ಣೊಬ್ಬಳು ತನ್ನ ಮ್ಯಾಗ್ನೋಲಿಯಾ ಮರದ ನೆರಳಿಗೆ ಹಿಂತಿರುಗುವ ಹಂಬಲದಲ್ಲಿದ್ದಾಳೆ. ಬಿಳಿಯ ಜಮೀನ್ದಾರರ ಬಂಗಲೆಯ ಅಂಗಳದ ಗುರುತಾಗಿ ಆ ಹೂವನ್ನು ಚಿತ್ರಗಳಲ್ಲಿ, ಕಥೆಗಳಲ್ಲಿ ಎಷ್ಟೋ ಕಾಲ ಬಳಸಿಕೊಂಡು ಬಂದಿದ್ದಾರೆ. ಅದೇ ಮರವನ್ನು ತನ್ನದೆಂದು ಕರೆಯುವುದರಲ್ಲಿ ಈಕೆ ಹೇಳುತ್ತಿರುವುದಿಷ್ಟು: ಈ ದಕ್ಷಿಣ ನನ್ನದೂ ಹೌದು. ಬಿಳಿಯ ಗಾಯಕರ ಪ್ರಶ್ನೆ ‘ನನ್ನ ಹಿರಿಯರು ನನಗೆ ಹೇಳಿದ್ದು ನಿಜವೇ’ ಎಂಬುದಾದರೆ, ಕಪ್ಪು ಗಾಯಕಿಯರ ಪ್ರಶ್ನೆ ‘ಈ ಊರಿನ ಹಿರಿಯರ ಪಟ್ಟಿಯಿಂದ ನನ್ನವರನ್ನು ಹೊಡೆದುಹಾಕಿದವರು ಯಾರು’ ಎಂಬುದು. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು. ಮೊದಲನೆಯದಕ್ಕೆ ಸಂಕೋಚ ಬೇಕು. ಎರಡನೆಯದಕ್ಕೆ ಸಂಕೋಚಪಡುವ ಕಾರಣವೇ ಇಲ್ಲ.

ಅಲಬಾಮಾದ ಅಥೆನ್ಸ್ ಊರಿನ ಬ್ರಿಟನಿ ಹವರ್ಡ್ ಅವರ ಹಾಡೊಂದನ್ನು ಇಲ್ಲಿ ಬಿಡಲಾರೆ. 2019ರ ‘ಜೇಮಿ’ ಆಲ್ಬಮ್ಮಿನ ‘ಗೋಟ್ ಹೆಡ್’ ಅದು. ಹವರ್ಡ್ ಅವರ ತಾಯಿ ಬಿಳಿಯರು, ತಂದೆ ಕಪ್ಪು ಜನಾಂಗದವರು. ಆಕೆ ಎಳೆಯ ಮಗುವಾಗಿದ್ದಾಗ ಯಾರೋ ತಂದೆಯ ಕಾರಿನ ಟೈರುಗಳನ್ನು ಕೊಯ್ದು, ಹಿಂದಿನ ಸೀಟಿನಲ್ಲಿ ಆಡಿನ ತಲೆಯನ್ನು ಇಟ್ಟುಹೋಗಿದ್ದರು. ಹಾಡು ಆ ಘಟನೆಯನ್ನು ಕೂಗಿ ಹೇಳುವುದಿಲ್ಲ. ಟೊಮೆಟೊ ಹಸಿರು, ಹತ್ತಿ ಬಿಳಿ ಎಂದು ಮಗು ಬಣ್ಣ ಕಲಿಯುವ ಧಾಟಿಯಲ್ಲಿ ಶುರುವಾಗಿ, ತಾನು ಯಾವ ಬಣ್ಣ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ತಾಳ ಮೆತ್ತಗೆ, ಲಾಲಿಯ ಹಾಗೆ ಸಾಗುತ್ತಿರುತ್ತದೆ. ನನ್ನ ಮಗಳೊಂದಿಗೆ ಕೂತು ಕೇಳಿದಾಗ ಅವಳು ಮತ್ತೊಮ್ಮೆ ಹಾಕು ಅಂದಳು, ಎರಡನೆಯ ಸಲ ಕೇಳಿದ ಮೇಲೆ ಯಾವುದೋ ಸಹಪಾಠಿ ಶಾಲೆಯ ಬಸ್ಸಿನಲ್ಲಿ ಅವಳ ಮೈಬಣ್ಣದ ಬಗ್ಗೆ ಆಡಿದ ಮಾತನ್ನು ಮೊದಲ ಬಾರಿಗೆ ನನಗೆ ಹೇಳಿದಳು.

ನಂಬಿಕೆ ಕಳೆದುಕೊಂಡವರ ಹಾಡುಗಳು ಬೇಕಾದಷ್ಟಿವೆ. ನಂಬಿಕೆಯನ್ನು ಬಿಡಲೊಲ್ಲದೆ ಅದರೊಂದಿಗೆ ಜಗಳವಾಡುವವರ ಹಾಡು ಅಪರೂಪ. ಮೆಂಫಿಸ್ ಸೀಮೆಯ ಜೂಲಿಯನ್ ಬೇಕರ್ ಅಂಥವರು. ತಾನು ಸಲಿಂಗಪ್ರೇಮಿಯೆಂದು ಹದಿಹರೆಯದಲ್ಲಿ ಮನೆಯವರಿಗೆ ತಿಳಿಸಿದಾಗ ತಂದೆ ಬೈಬಲ್ ತೆರೆದು, ಮಗಳಿಗೆ ಧೈರ್ಯ ಕೊಡುವ ವಚನಗಳನ್ನು ಹುಡುಕಲು ಕೂತರೆಂದು ಅವರು ಸಂದರ್ಶನಗಳಲ್ಲಿ ಹೇಳಿದ್ದಾರೆ. ಅದೇ ಗ್ರಂಥದಿಂದ ಬೇರೆ ಮನೆಗಳಲ್ಲಿ ಮಕ್ಕಳನ್ನು ಹೊರಹಾಕುವ ವಚನಗಳನ್ನು ಹುಡುಕಿದವರೂ ಇದ್ದರು. 2015ರ ‘ಸ್ಪ್ರೇನ್ಡ್ ಆ್ಯಂಕಲ್’ ಆಲ್ಬಮ್ಮಿನಲ್ಲಿ ಹೆಚ್ಚಾಗಿ ಕೇಳಿಸುವುದು ಒಂದು ಗಿಟಾರ್ ಮತ್ತು ಒಂದು ದನಿ ಮಾತ್ರ. ಕೊನೆಯ ಹಾಡು ‘ಗೋ ಹೋಮ್’ ಮುಗಿಯುತ್ತಿದ್ದಂತೆ ಪಿಯಾನೊದಲ್ಲಿ ಒಂದು ಸ್ತೋತ್ರಗೀತೆಯ ಸ್ವರಗಳು ಏಳುತ್ತವೆ. ಬದುಕುವ ಆಸೆಯೇ ಆರಿಹೋದವರ ಹಾಡಿಗೆ ಚರ್ಚಿನ ರಾಗವೇ ಊರುಗೋಲಾಗುವುದು ಅಲ್ಲಿ ಕಿವಿಗೆ ಬೀಳುತ್ತದೆ. ಜಾರ್ಜಿಯಾದ ಮೇಕನ್‌ನಲ್ಲಿ ಬ್ಯಾಪ್ಟಿಸ್ಟ್ ಮನೆಯಲ್ಲಿ ಬೆಳೆದ ಟಾರೆಸ್ ಜೊತೆಗೂಡಿ ಬೇಕರ್ 2025ರ ಏಪ್ರಿಲ್‌ನಲ್ಲಿ ‘ಸೆಂಡ್ ಎ ಪ್ರೇಯರ್ ಮೈ ವೇ’ ಎಂಬ ಅಪ್ಪಟ ಕಂಟ್ರಿ ಆಲ್ಬಂ ತಂದಿದ್ದಾರೆ. ಅದರ ‘ಟ್ಯೂಸ್‌ಡೇ’ ಹಾಡಿನಲ್ಲಿ ಹರೆಯದ ಪ್ರೀತಿಯೊಂದಕ್ಕೆ ಗೆಳತಿಯ ತಾಯಿ ಧರ್ಮದ ಹೆಸರಿನಲ್ಲಿ ಹೊರಿಸಿದ ಅವಮಾನ ಬರುತ್ತದೆ. ತಮ್ಮಂಥವರನ್ನು ಎಂದೂ ಒಳಗೆ ಕರೆಯದ ಕಂಟ್ರಿ ಸಂಗೀತದ ಪೆಡಲ್ ಸ್ಟೀಲ್ ಗಿಟಾರನ್ನೇ ಇಬ್ಬರೂ ಕೈಗೆತ್ತಿಕೊಂಡಿರುವುದು ಸುಮ್ಮನೆ ಶೈಲಿಯ ಆಯ್ಕೆಯಲ್ಲ. ಅದು ಅವರು ಬೆಳೆದ ಅಡುಗೆಮನೆಯ ರೇಡಿಯೊದ ದನಿ. ಅದನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿಲ್ಲ.

ಬ್ಯಾಂಜೊ ಎಂಬ ತಂತಿವಾದ್ಯದ ವಿಷಯದಲ್ಲಿ ಇದೇ ಕೆಲಸವನ್ನು ಇನ್ನೂ ಆಳಕ್ಕೆ ಇಳಿದು ಮಾಡಿದವರು ಉತ್ತರ ಕ್ಯಾರೊಲೈನಾದ ರಿಯಾನನ್ ಗಿಡೆನ್ಸ್. ಬ್ಯಾಂಜೊ ಬೆಟ್ಟದ ಸೀಮೆಯ ಬಿಳಿಯರ ವಾದ್ಯವೆಂದೇ ಲೋಕ ನಂಬಿತ್ತು. ಅದರ ಬೇರಿರುವುದು ಆಫ್ರಿಕಾದಿಂದ ಕಟ್ಟಿ ತಂದ ಜನರ ಕೈಯಲ್ಲಿ. ಗಿಡೆನ್ಸ್ ಮತ್ತು ಗೆಳೆಯರು ಜೋ ಥಾಂಪ್ಸನ್ ಎಂಬ ವೃದ್ಧ ಕಪ್ಪು ಪಿಟೀಲುವಾದಕರ ಮನೆಗೆ ಹೋಗಿ, ಎದುರು ಕೂತು, ಕಿವಿಯಿಂದಲೇ ಆ ಪರಂಪರೆಯನ್ನು ಕಲಿತರು. ನಮ್ಮ ಗುರುಕುಲದ ಕಲಿಕೆಯನ್ನು ಬಲ್ಲವರಿಗೆ ಅದರ ಬೆಲೆ ಗೊತ್ತು. 2025ರ ಏಪ್ರಿಲ್‌ನಲ್ಲಿ ಗಿಡೆನ್ಸ್ ತಮ್ಮ ಹಳೆಯ ಸಂಗಾತಿ ಜಸ್ಟಿನ್ ರಾಬಿನ್ಸನ್ ಜೊತೆ ತಂದ ಆಲ್ಬಂ ಪೂರ್ತಿಯಾಗಿ ಬಯಲಿನಲ್ಲಿ ಮುದ್ರಣವಾದದ್ದು. ಥಾಂಪ್ಸನ್ನರ ಮನೆಯ ಅಂಗಳವೂ ಅದರಲ್ಲಿ ಸೇರಿದೆ. ಪಿಟೀಲು ಬ್ಯಾಂಜೊಗಳ ಹಿಂದೆ ಜೀರುಂಡೆಗಳ ಮೊರೆತವೂ ಹಕ್ಕಿಗಳ ದನಿಯೂ ಹಾಗೆಯೇ ಉಳಿದಿವೆ. ಮಲೆನಾಡಿನವರು ಅದನ್ನು ಕೇಳಿದರೆ ಒಂದು ಕ್ಷಣ ತಮ್ಮ ತೋಟದಲ್ಲಿದ್ದೇವೆಂದು ತಿಳಿದಾರು. ಗಿಡೆನ್ಸರ 2017ರ ‘ಅಟ್ ದ ಪರ್ಚೇಸರ್ಸ್ ಆಪ್ಷನ್’ ಹಾಡನ್ನು ಮಾತ್ರ ಬಿಡುವಿದ್ದಾಗ, ಒಬ್ಬರೇ ಕೂತು ಕೇಳಬೇಕು. ಹೆಣ್ಣೊಬ್ಬಳನ್ನು ಮಾರಲಿದ್ದೇವೆ, ಒಂಬತ್ತು ತಿಂಗಳ ಕೂಸನ್ನು ಬೇಕಾದರೆ ಕೊಳ್ಳಬಹುದು, ಬೇಡವಾದರೆ ಬಿಡಬಹುದು ಎಂಬ ಗುಲಾಮಗಿರಿಯ ಕಾಲದ ಜಾಹೀರಾತಿನಿಂದ ಹುಟ್ಟಿದ ಹಾಡು ಅದು.

ಕೆಂಟಕಿಯ ಪೂರ್ವದ ಬೆಟ್ಟಗಳಿಂದ ಬಂದ ಟೈಲರ್ ಚಿಲ್ಡರ್ಸ್ ಈಗ ದೊಡ್ಡ ಕಂಪನಿಯ ಗಾಯಕ, ಇಂಡೀ ಎಂಬ ಪದಕ್ಕೆ ಕಟ್ಟುನಿಟ್ಟಾಗಿ ಒಗ್ಗುವವರಲ್ಲ. ಆದರೂ ಸೇರಿಸುತ್ತೇನೆ, ಏಕೆಂದರೆ ಅವರು ಮಾತಾಡುವುದು ತಮ್ಮ ಮಾತನ್ನು ಕೇಳಲು ಇಷ್ಟವಿಲ್ಲದ ತಮ್ಮವರೊಂದಿಗೆ. 2020ರ ‘ಲಾಂಗ್ ವಯಲೆಂಟ್ ಹಿಸ್ಟರಿ’ಯಲ್ಲಿ ಎಂಟು ಹಾಡುಗಳಷ್ಟು ಉದ್ದ ಬರೀ ಪಿಟೀಲಿನ ಹಳೆಯ ಮಟ್ಟುಗಳು, ಒಂಬತ್ತನೆಯದರಲ್ಲಿ ಮಾತ್ರ ಬಾಯಿ ತೆರೆದು, ಪೊಲೀಸರ ಗುಂಡಿಗೆ ಬಲಿಯಾಗುತ್ತಿರುವವರು ನಮ್ಮ ಬೆಟ್ಟದ ಹುಡುಗರೇ ಆಗಿದ್ದರೆ ನಾವು ಸುಮ್ಮನಿರುತ್ತಿದ್ದೆವೇ ಎಂದು ಕೇಳುತ್ತಾರೆ. ಅದೇ ವರ್ಷ ಅದೇ ರಾಜ್ಯದ ಲೂಯಿವಿಲ್‌ನಲ್ಲಿ ಬ್ರಿಯಾನಾ ಟೇಲರ್ ಎಂಬ ಕಪ್ಪು ಯುವತಿ ತಮ್ಮ ಮನೆಯೊಳಗೇ ಪೊಲೀಸರ ಗುಂಡಿಗೆ ಸತ್ತಿದ್ದರು. ಮೊದಲು ಅಜ್ಜಂದಿರ ಮಟ್ಟುಗಳನ್ನು ಗೌರವದಿಂದ ನುಡಿಸಿ, ಮನೆಯವರನ್ನು ಹತ್ತಿರ ಕೂರಿಸಿಕೊಂಡು, ಆಮೇಲೆ ಕೇಳಬೇಕಾದ್ದನ್ನು ಕೇಳುವ ಈ ಕ್ರಮ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. 2022ರ ‘ಏಂಜೆಲ್ ಬ್ಯಾಂಡ್’ ಹಾಡಿನಲ್ಲಿ ಹಿಂದೂಗಳು, ಯೆಹೂದಿಗಳು, ಮುಸ್ಲಿಮರು, ಬ್ಯಾಪ್ಟಿಸ್ಟರು ಸ್ವರ್ಗದಲ್ಲಿ ಪಕ್ಕಪಕ್ಕದಲ್ಲಿ ನಿಂತು ಹಾಡುತ್ತಾರೆ. 2025ರ ‘ಸ್ನೈಪ್ ಹಂಟರ್’ ಆಲ್ಬಮ್ಮಿನಲ್ಲಿ ‘ತೀರ್ಥಯಾತ್ರಾ’ ಎಂಬ ಹೆಸರಿನದೇ ಒಂದು ಹಾಡಿದೆ. ಭಗವದ್ಗೀತೆಯತ್ತ ಮನಸ್ಸು ಹರಿದ ಬೆಟ್ಟದ ಹುಡುಗ ಭಾರತಕ್ಕೆ ಬರುವ ಆಸೆಯನ್ನು ಅಲ್ಲಿ ಹಾಡುತ್ತಾನೆ.

ನಮ್ಮ ಧರ್ಮಗ್ರಂಥವೊಂದು ಅಷ್ಟು ದೂರ ಹೋಗಿ ಒಬ್ಬನ ಮನಸ್ಸನ್ನು ವಿಶಾಲಗೊಳಿಸಿತಲ್ಲ ಎಂದು ನಮ್ಮ ಕೂಟಗಳಲ್ಲಿ ಸಂತೋಷಪಡುವುದು ಸಹಜ, ನಾನೂ ಪಟ್ಟೆ. ಆದರೆ ಅದೇ ಹೊತ್ತಿನಲ್ಲಿ ಹಾಸನದ ಕಡೆಯ ನಮ್ಮ ತೊಟ್ಟಿಮನೆಯ ಹಿತ್ತಿಲ ಗೋಡೆಯ ಗೂಡಿನಲ್ಲಿ ಕವುಚಿಟ್ಟಿರುತ್ತಿದ್ದ ತೆಂಗಿನ ಚಿಪ್ಪುಗಳು ಕಣ್ಣಿಗೆ ಬರುತ್ತವೆ. ಗದ್ದೆಯ ಕೆಲಸಕ್ಕೆ ಬರುತ್ತಿದ್ದವರು ಅವನ್ನು ತಾವೇ ತೆಗೆದುಕೊಂಡು, ತೊಳೆದು, ಎರಡು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ಅಜ್ಜಿ ಮೆಟ್ಟಿಲ ಮೇಲೆ ನಿಂತು, ಪಾತ್ರೆ ತಾಗದಂತೆ ಮೇಲಿನಿಂದ ಕಾಫಿ ಹುಯ್ಯುತ್ತಿದ್ದರು. ಚೆನ್ನಾಗಿ ಬೆಲ್ಲ ಹಾಕಿದ, ಹೊಗೆಯಾಡುವ ಕಾಫಿಯೇ ಅದು. ಅದರಲ್ಲಿ ಅವರು ಜಿಪುಣತನ ಮಾಡಿದವರಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅದೇ ಅಜ್ಜಿ ಕುಲದ ನೆಲೆಯನ್ನೇ ಪ್ರಶ್ನಿಸುವ ಕನಕದಾಸರ ಕೀರ್ತನೆಯನ್ನು ಕಣ್ಣುಮುಚ್ಚಿ ಹಾಡುತ್ತಿದ್ದರು. ನನ್ನ ಕಿವಿಗೆ ಸ್ವರಜ್ಞಾನ ಬಂದದ್ದು ಅವರ ಮಡಿಲಿನಲ್ಲಿ. ಹಾಡು ಮತ್ತು ಚಿಪ್ಪು ಎರಡನ್ನೂ ಅವರು ತಮ್ಮ ಅತ್ತೆಯಿಂದ, ತಾಯಿಯಿಂದ ಒಟ್ಟಿಗೇ ಪಡೆದಿದ್ದರು. ಒಂದು ಇನ್ನೊಂದನ್ನು ತಡೆಯುತ್ತದೆಂದು ಅವರಿಗೆ ಯಾರೂ ತೋರಿಸಿಕೊಡಲಿಲ್ಲ. ಕೀರ್ತನೆ ಇಂದಿಗೂ ನಮ್ಮ ಮನೆಯಲ್ಲಿದೆ. ಚಿಪ್ಪಿನ ಕಥೆಯನ್ನು ನಾನು ಮಗಳಿಗೆ ಹೇಳಿದ್ದೇನೆ, ಅಜ್ಜಿಯ ಹೆಸರನ್ನೂ ಸೇರಿಸಿಯೇ ಹೇಳಿದ್ದೇನೆ. ಹಿರಿಯರ ತಪ್ಪನ್ನು ಹೇಳಿದರೆ ಅವರಿಗೆ ಅಗೌರವವಾಗುತ್ತದೆ ಎಂಬ ಮಾತನ್ನು ಇಲ್ಲಿನ ದಕ್ಷಿಣದವರೂ ಆಡುತ್ತಾರೆ, ನಮ್ಮವರೂ ಆಡುತ್ತಾರೆ. ಅಲಬಾಮಾದ, ಕೆಂಟಕಿಯ, ಕ್ಯಾರೊಲೈನಾದ ಈ ಗಾಯಕರು ಆ ಮಾತಿಗೆ ಹೆದರದೆಯೂ ಅಜ್ಜ ಅಜ್ಜಿಯರನ್ನು ಪ್ರೀತಿಸುವುದನ್ನು ಬಿಟ್ಟಿಲ್ಲ, ಮತ್ತು ಆ ಪ್ರೀತಿ ಅವರ ವಾದ್ಯಗಳಲ್ಲೇ ಕೇಳಿಸುತ್ತದೆ.

ಇಷ್ಟೆಲ್ಲದರಲ್ಲಿ ಎಲ್ಲಿಂದ ಶುರು ಮಾಡಲಿ ಎನ್ನುವವರಿಗೆ ನನ್ನ ಸಲಹೆ ಹೀಗಿದೆ. ಗಿಟಾರಿನ ಅಬ್ಬರ ಒಗ್ಗದ, ದನಿಯನ್ನೇ ಹಚ್ಚಿಕೊಳ್ಳುವ ಕಿವಿಯವರು ಮೊದಲು ಗುಡ್‌ಮನ್ನರ 2022ರ ‘ಟೀತ್ ಮಾರ್ಕ್ಸ್’ ಕೇಳಲಿ, ಆಮೇಲೆ ಹೊಸ ಆಲ್ಬಮ್ಮಿಗೆ ಬರಲಿ. ಪಿಟೀಲು ಇಷ್ಟಪಡುವವರಿಗೆ ಗಿಡೆನ್ಸ್ ಮತ್ತು ರಾಬಿನ್ಸನ್ ಸಾಕು. ಹದಿಹರೆಯದ ಮಕ್ಕಳಿರುವ ಮನೆಯವರು ಹವರ್ಡ್ ಅವರ ‘ಜೇಮಿ’ಯನ್ನು ಮಕ್ಕಳ ಜೊತೆಯಲ್ಲೇ ಕೂತು ಕೇಳಲಿ, ಕೇಳಿ ಮುಗಿದ ಮೇಲೆ ಸ್ವಲ್ಪ ಹೊತ್ತು ಎದ್ದುಹೋಗದಿರಲಿ. ಅಟ್ಲಾಂಟಾ ಸುತ್ತಮುತ್ತ ಇರುವ ಕನ್ನಡಿಗರು ಮುಂದಿನ ಬಾರಿ ಕಮಿಂಗ್ ಪೇಟೆಯ ಕಡೆ ಹೋದಾಗ ಕಾರು ನಿಲ್ಲಿಸಿ, ಆ ಫಲಕದ ಎರಡು ಮಗ್ಗುಲನ್ನೂ ಓದಬೇಕೆಂದು ಕೇಳಿಕೊಳ್ಳುತ್ತೇನೆ.